'ಒಂದೀಟು ನೋಡಿಕೊಡವಾ' ಎಂದು ಕೊಟ್ಟ ಹಸ್ತಪ್ರತಿಗೆ ಸಂಭಾವನೆ ಕೇಳಬಹುದೇ?

ಪ್ರಶ್ನೆ: ನಾನು ಧಾರವಾಡದವಳು. ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಎರಡು ವರ್ಷದ ಹಿಂದೆ ಆ ಕೆಲಸ ಬಿಟ್ಟು ಪುಸ್ತಕ ಸಂಪಾದನೆ, ಕರಡು ತಿದ್ದುವುದು, ಅನುವಾದ ಶುರು ಮಾಡಿದೆ. ಕಥೆಗಳನ್ನೂ ಬರೆಯುತ್ತೇನೆ. ಕೆಲಸಕ್ಕೆ ಕೊರತೆ ಇಲ್ಲ, ಆದರೆ ಕೈಗೆ ದುಡ್ಡು ಬರುವುದಿಲ್ಲ. ಇಲ್ಲಿ ಎಲ್ಲರೂ ಪರಿಚಯದವರು. ಕಾರ್ಯಕ್ರಮದಲ್ಲಿ ಸಿಕ್ಕಾಗ 'ಒಂದೀಟು ನೋಡಿಕೊಡವಾ' ಎಂದು ಹಸ್ತಪ್ರತಿ ಕೈಗಿಡುತ್ತಾರೆ. ಪುಸ್ತಕ ಬಂದ ಮೇಲೆ ಲೇಖಕರ ಮಾತಿನಲ್ಲಿ ಹೆಸರು ಹಾಕುತ್ತಾರೆ, ಬಿಡುಗಡೆಯ ದಿನ ಶಾಲು ಹೊದಿಸುತ್ತಾರೆ. ಸಂಭಾವನೆ ಕೇಳಿದರೆ 'ದುಡ್ಡಿನ ಆಸೆಯವಳು' ಎಂಬ ಮಾತು ಬಂದೀತು ಎಂದು ಹೆದರಿಕೆ. ಈಗ ಹಿರಿಯರೊಬ್ಬರು ಆತ್ಮಕಥೆ ಕೊಟ್ಟಿದ್ದಾರೆ. ತಿದ್ದಿದರೆ ಸಾಲದು, ಹೊಸದಾಗಿಯೇ ಬರೆಯಬೇಕು, ಹಾಗಿದೆ. ನಾನು ತಿದ್ದಿದ ಇನ್ನೊಂದು ಪುಸ್ತಕಕ್ಕೆ ವಿಮರ್ಶೆ ಬರೆದುಕೊಡಿ ಎಂದೂ ಕೇಳುತ್ತಿದ್ದಾರೆ. ಈ ಗದ್ದಲದಲ್ಲಿ ನನ್ನ ಕಥೆಗಳು ನಿಂತೇ ಹೋಗಿವೆ. ಮರಳಿ ಕೆಲಸಕ್ಕೆ ಸೇರುವುದೇ ಒಳ್ಳೆಯದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಈಗಲೇ ಆ ನಿರ್ಧಾರ ಮಾಡಬೇಡಿ. ಜನ ನಿಮ್ಮನ್ನು ನಂಬಿ ಹಸ್ತಪ್ರತಿ ಕೊಡುತ್ತಿದ್ದಾರೆ. ಈ ವೃತ್ತಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಸಿಗುವುದು ಆ ನಂಬಿಕೆ. ನಿಮಗೆ ಎರಡೇ ವರ್ಷದಲ್ಲಿ ಸಿಕ್ಕಿದೆ. ಇಲ್ಲದಿರುವುದು ಕರಾರು ಮಾತ್ರ. ಅದನ್ನು ಮಾಡಿಕೊಳ್ಳಬಹುದು.

ನಾನು ಬಹಳ ವರ್ಷಗಳಿಂದ ಸ್ವತಂತ್ರ ಸಂಪಾದಕನಾಗಿ ದುಡಿಯುತ್ತಿದ್ದೇನೆ. ಸಣ್ಣ ಊರುಗಳ ಲೇಖಕರ ಜೊತೆಗೇ ನನ್ನ ಕೆಲಸ ಜಾಸ್ತಿ. ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ದೊಡ್ಡ ಊರಿನಲ್ಲಿ ಒಬ್ಬ ಲೇಖಕರು ಮುನಿಸಿಕೊಂಡರೆ ಇನ್ನೊಬ್ಬರು ಸಿಗುತ್ತಾರೆ. ನಿಮ್ಮಲ್ಲಿ ಹಾಗಲ್ಲ. ಮುನಿಸಿಕೊಂಡವರೇ ಮುಂದಿನ ವಾರ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ.

ಪುಕ್ಕಟೆ ಕೆಲಸದ ಹಿಂದೆ ಯಾರ ಸಂಬಳ ಇತ್ತು?

ಹಸ್ತಪ್ರತಿ ತಿದ್ದಿಕೊಡುವುದು ಸ್ನೇಹದ ಕೆಲಸ, ಅದಕ್ಕೆ ಬೆಲೆ ಕಟ್ಟಬಾರದು ಎಂಬ ನಂಬಿಕೆ ಧಾರವಾಡದಲ್ಲಿ ಗಟ್ಟಿಯಾಗಿದೆ. ಅದು ಸುಮ್ನೆ ಹುಟ್ಟಿದ್ದಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾದಾಗಿನಿಂದ ನಿಮ್ಮ ಊರಿನ ಸಾಹಿತ್ಯ ಬೆಳೆದದ್ದೇ ಒಟ್ಟಿಗೆ ಕೂತು ಓದಿ, ಜಗಳಾಡಿ, ತಿದ್ದಿ. 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರುವಾಯಿತು. ಸುಭಾಸ ರಸ್ತೆಯ ಅದರ ಅಟ್ಟದಲ್ಲಿ, ಅದನ್ನು ನಡೆಸುತ್ತಿದ್ದ ಜಿ.ಬಿ. ಜೋಶಿಯವರು ಲೇಖಕರನ್ನು ಕೂರಿಸಿಕೊಂಡು ಬರೆಸಿದರು, ಚರ್ಚೆ ಮಾಡಿಸಿದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದರು. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ಸಂಕ್ರಮಣ ಎಂಬ ಸಾಹಿತ್ಯ ಪತ್ರಿಕೆ ತಂದರು. ಇವರ ಕೈಯಲ್ಲಿ ಎಷ್ಟು ಹೊಸಬರ ಬರವಣಿಗೆ ಹದವಾಯಿತೋ!

ಈ ಪರಂಪರೆಯ ಮೇಲೆ ನನಗೆ ಅಪಾರ ಗೌರವ ಇದೆ. ಆದರೆ ಅದರ ಲೆಕ್ಕದ ಕಡೆಯನ್ನು ಯಾರೂ ಹೇಳುವುದಿಲ್ಲ. ಕುರ್ತಕೋಟಿಯವರು ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಸಂಕ್ರಮಣದ ಮೂವರೂ ಅಧ್ಯಾಪಕರು. ಜೋಶಿಯವರ ಹಾಗೆ ಇಡೀ ಬದುಕನ್ನೇ ಪ್ರಕಟಣೆಗೆ ಕೊಟ್ಟವರು ಇದ್ದರು, ನಿಜ, ಆದರೆ ಅಂಥವರು ಕಡಿಮೆ. ಹಸ್ತಪ್ರತಿ ಓದಿ ತಿದ್ದಿಕೊಡುತ್ತಿದ್ದ ಹೆಚ್ಚಿನವರಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು, ನಿವೃತ್ತಿಯ ಮೇಲೆ ಪಿಂಚಣಿ. ಅಂದರೆ ಕನ್ನಡ ಪುಸ್ತಕಗಳ ಸಂಪಾದನೆಯ ಖರ್ಚನ್ನು ಅಷ್ಟು ವರ್ಷ ಕಾಲೇಜುಗಳು, ವಿಶ್ವವಿದ್ಯಾಲಯಗಳು ಹೊತ್ತಿದ್ದವು. ಯಾವ ಪುಸ್ತಕದ ಲೆಕ್ಕದಲ್ಲೂ ಅದು ಕಾಣಲಿಲ್ಲ, ಅಷ್ಟೇ. ಈಗ ನಿಮ್ಮ ವಯಸ್ಸಿನವರಿಗೆ ಖಾಯಂ ಹುದ್ದೆ ಸಿಗುವುದೇ ಅಪರೂಪ. ಪದ್ಧತಿ ಉಳಿದಿದೆ, ಅದನ್ನು ಹೊತ್ತಿದ್ದ ಸಂಬಳ ಇಲ್ಲ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ನಿಮ್ಮನ್ನು ಕೇಳುವ ಹಿರಿಯರು ನಿಮ್ಮ ದುಡಿಮೆ ಕದಿಯಬೇಕು ಎಂದು ಕೇಳುತ್ತಿಲ್ಲ. ಅವರೂ ಬೇರೆಯವರಿಗೆ ಹೀಗೇ ನೋಡಿಕೊಟ್ಟವರು. ನಿಮ್ಮ ಪರಿಸ್ಥಿತಿ ಬೇರೆ ಎಂಬುದು ಅವರಿಗೆ ಹೊಳೆದಿಲ್ಲ. ಹೇಳಿದರೆ ಅರ್ಥವಾಗುತ್ತದೆ. ನಾಚಿಕೆಪಡದೆ ಹೇಳಿ.

ಪ್ರಕಾಶಕರ ಕಡೆಯ ಕಷ್ಟವೂ ನಿಜವೇ. ಎಷ್ಟೋ ಕನ್ನಡ ಪುಸ್ತಕ ಐನೂರೋ ಸಾವಿರವೋ ಪ್ರತಿ ಅಚ್ಚಾಗುತ್ತದೆ. ಮುಖಬೆಲೆಯಲ್ಲಿ ದೊಡ್ಡ ಪಾಲು ಮಾರಾಟಗಾರರ ಕಮಿಷನ್‌ಗೆ ಹೋಗುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡವರು ಹಣಕ್ಕೆ ಕಾಯುತ್ತಲೇ ಇರಬೇಕು. ಸಣ್ಣ ಊರುಗಳಲ್ಲಿ ಲೇಖಕರೇ ದುಡ್ಡು ಹಾಕಿ ಪುಸ್ತಕ ತರುವುದು ಮಾಮೂಲು. ಆ ಖರ್ಚಿನ ಪಟ್ಟಿಯಲ್ಲಿ ಕಾಗದ, ಅಚ್ಚು, ಅಕ್ಷರ ಜೋಡಣೆ, ಮುಖಪುಟ, ಬಿಡುಗಡೆಯ ದಿನದ ಉಪ್ಪಿಟ್ಟು ಎಲ್ಲ ಇರುತ್ತವೆ. ಸಂಪಾದನೆ ಇರುವುದಿಲ್ಲ. ಆದ್ದರಿಂದ ನಿಮ್ಮ ದರವನ್ನು ಪಟ್ಟಿ ತಯಾರಾಗುವ ಮೊದಲೇ ಹೇಳಬೇಕು. ಪುಸ್ತಕ ಅಚ್ಚಿಗೆ ಹೋಗುವಾಗ ಹೇಳಿದರೆ ಕೊಡುವ ಮನಸ್ಸಿದ್ದವರ ಕೈಯಲ್ಲೂ ಕಾಸಿರುವುದಿಲ್ಲ.

ಸಂಬಂಧ ಕೆಡುವುದು ಎಲ್ಲಿ

ದುಡ್ಡು ಕೇಳಿದರೆ ಸಂಬಂಧ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಕೆಡಿಸುವುದು ಕೆಲಸ ಏನೆಂಬುದರ ಗೊಂದಲ. 'ನೋಡಿಕೊಡಿ' ಎಂದವರ ಮನಸ್ಸಿನಲ್ಲಿ ಕಾಗುಣಿತ ಇರುತ್ತದೆ. ನೀವು ಎರಡು ಅಧ್ಯಾಯ ತೆಗೆಯಿರಿ ಎಂದು ಬರೆದು ಕಳಿಸುತ್ತೀರಿ. ಅವರಿಗೆ ಅವಮಾನ. ಉಲ್ಟಾ ಕೂಡ ಆಗುತ್ತದೆ. ನೀವು ಬರೀ ಕಾಗುಣಿತ ತಿದ್ದಿ ಕೊಡುತ್ತೀರಿ, ಪುಸ್ತಕ ಬಂದ ಮೇಲೆ ಯಾರೋ ಒಬ್ಬರು 'ಸಂಪಾದಕರು ಏನು ಮಾಡುತ್ತಿದ್ದರು?' ಎಂದು ಕೇಳುತ್ತಾರೆ. ಪುಕ್ಕಟೆ ಕೆಲಸದಲ್ಲಿ ಈ ಗೊಂದಲ ಇನ್ನೂ ಜಾಸ್ತಿ, ಯಾಕೆಂದರೆ ಏನು ಕೊಡುತ್ತೇವೆ, ಏನು ಪಡೆಯುತ್ತೇವೆ ಎಂದು ಯಾರೂ ಕೂತು ಮಾತಾಡಿರುವುದಿಲ್ಲ.

ಹಾಗಾಗಿ ಮೊದಲು ಕೆಲಸವನ್ನು ಬಿಡಿಸಿ ಹೇಳಿ. ಕರಡು ತಿದ್ದುವುದು ಒಂದು ಕೆಲಸ: ಪುಟ ಜೋಡಣೆಯಾದ ಮೇಲೆ ಅಕ್ಷರ ತಪ್ಪು, ಬಿಟ್ಟುಹೋದ ಸಾಲು, ಪುಟಸಂಖ್ಯೆ ನೋಡುವುದು. ಭಾಷೆ ತಿದ್ದುವುದು ಇನ್ನೊಂದು: ವಾಕ್ಯ, ಪುನರಾವರ್ತನೆ, ಹೆಸರು ಇಸವಿಗಳ ಹೊಂದಿಕೆ. ಕೃತಿಯ ಕಟ್ಟಡವನ್ನೇ ನೋಡುವುದು ಮೂರನೆಯದು: ಯಾವ ಅಧ್ಯಾಯ ಎಲ್ಲಿರಬೇಕು, ಯಾವುದು ಬೇಡ, ಯಾವ ಪಾತ್ರ ನಡುವೆ ಕಳೆದುಹೋಗಿದೆ. ಮೂರಕ್ಕೂ ಬೇಕಾಗುವ ಸಮಯ ಬೇರೆ, ದರ ಬೇರೆ.

ನಿಮ್ಮ ಭಾಗದಲ್ಲಿ ಇನ್ನೊಂದು ಕೆಲಸ ಇದೆ, ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಧಾರವಾಡದ ಮಾತಿನಲ್ಲಿ ಬರೆದ ಕಥೆ ಬಂತು ಅನ್ನಿ. ಒಂದೇ ಪಾತ್ರ ಒಂದು ಪುಟದಲ್ಲಿ 'ಮಾಡತಾನ' ಅನ್ನುತ್ತದೆ, ಮುಂದಿನ ಪುಟದಲ್ಲಿ 'ಮಾಡ್ತಾನ', ಆಮೇಲೆ 'ಮಾಡ್ತಾನೆ'. ಒಬ್ಬರು 'ಐತಿ' ಎನ್ನುವ ಮನೆಯವರು, ಇನ್ನೊಬ್ಬರು 'ಅದ' ಎನ್ನುವ ಮನೆಯವರು. ಅದು ಪಾತ್ರದ ಗುರುತು. ಕಣ್ಣು ಮುಚ್ಚಿ ಎಲ್ಲವನ್ನೂ ಒಂದು ಮಾಡಿದರೆ ಕಥೆ ಸಾಯುತ್ತದೆ. ಇದ್ದ ಹಾಗೇ ಬಿಟ್ಟರೆ ಅಜಾಗರೂಕತೆ ಅನ್ನಿಸುತ್ತದೆ. ಪಾತ್ರಕ್ಕೊಂದು ಪಟ್ಟಿ ಮಾಡಿ, ಲೇಖಕರ ಜೊತೆ ಕೂತು, ಯಾವುದು ಬೇಕೆಂದು ಮಾಡಿದ್ದು, ಯಾವುದು ಕೈತಪ್ಪು ಎಂದು ತೀರ್ಮಾನಿಸಬೇಕು. ಬೆಂಗಳೂರಿನಲ್ಲಿ ಕೂತ ಸಂಪಾದಕರಿಗೆ ಇದು ಸುಲಭಕ್ಕೆ ಆಗುವುದಿಲ್ಲ. ನಿಮಗೆ ಆಗುತ್ತದೆ. ನಿಮ್ಮ ನಿಜವಾದ ಬಂಡವಾಳ ಇದು, ಇದಕ್ಕೆ ದರ ಕೇಳಲು ಸಂಕೋಚ ಯಾಕೆ?

ಹಳೆಯ ಕಡತಗಳ ಕಷ್ಟವನ್ನೂ ಕರಾರಿನಲ್ಲಿ ಸೇರಿಸಿ. ನುಡಿ, ಶ್ರೀಲಿಪಿಯಂಥ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ಪಲ್ಲಟವಾಗುತ್ತವೆ. ನೀವು ತಿದ್ದಿದ ಕಡತವನ್ನು ಮುದ್ರಣಾಲಯದವರು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ಗಾಗಿ ಮತ್ತೆ ಹಳೆಯ ಅಕ್ಷರಕ್ಕೆ ಬದಲಿಸಿದರೆ ಇನ್ನೊಂದು ಸುತ್ತು ತಪ್ಪು. ಪುಟ ಜೋಡಣೆಯಾದ ಮೇಲಿನ ಪಿಡಿಎಫ್ ನಿಮಗೆ ಬರಲೇಬೇಕು, ಆ ಓದಿಗೆ ಬೇರೆ ಹಣ ಎಂದು ಮೊದಲೇ ಬರೆದುಕೊಳ್ಳಿ.

ದರ ಹೇಗೆ ಕಟ್ಟುವುದು

ಡೆಮಿ ಎಂಬ ಮಾಮೂಲು ಅಳತೆಯ 200 ಪುಟದ ಪುಸ್ತಕ ಇಟ್ಟುಕೊಳ್ಳಿ, ಸುಮಾರು 50,000 ಪದ. ಭಾಷೆ ತಿದ್ದುವ ಮೊದಲ ಓದಿನಲ್ಲಿ ಗಂಟೆಗೆ ಐದು ಪುಟ ಆದರೆ 40 ಗಂಟೆ. ಎರಡನೆಯ ಓದು ಗಂಟೆಗೆ ಹತ್ತು ಪುಟ ಎಂದರೆ 20 ಗಂಟೆ. ಲೇಖಕರ ಜೊತೆ ಮಾತು, ಫೋನು, ಓಡಾಟ ಹತ್ತು ಗಂಟೆ. ಒಟ್ಟು 70 ಗಂಟೆ. ನಿಮ್ಮ ಮನೆಗೆ ತಿಂಗಳಿಗೆ 30,000 ರೂಪಾಯಿ ಬೇಕು ಅನ್ನಿ. ತಿಂಗಳಲ್ಲಿ ಎಷ್ಟು ಕೂತರೂ ದುಡ್ಡಾಗುವ ಗಂಟೆ ನೂರರ ಆಸುಪಾಸು, ಉಳಿದದ್ದು ಹುಡುಕಾಟ, ಪತ್ರ, ಕಾಯುವುದು. ಗಂಟೆಗೆ 300 ಬಿತ್ತು. ಈ ಪುಸ್ತಕಕ್ಕೆ 21,000, ಅಂದರೆ ಪುಟಕ್ಕೆ 105 ರೂಪಾಯಿ. ಇದನ್ನು ದರಪಟ್ಟಿ ಎಂದುಕೊಳ್ಳಬೇಡಿ. ನಿಮ್ಮ ವೇಗ, ನಿಮ್ಮ ಮನೆಯ ಖರ್ಚು ಹಾಕಿ ನೀವೇ ಲೆಕ್ಕ ಮಾಡಿ. ಬಂದ ಅಂಕಿ ನೋಡಿ 'ಇಷ್ಟು ಯಾರು ಕೊಡುತ್ತಾರೆ' ಅನ್ನಿಸಬಹುದು. ಎಲ್ಲರೂ ಕೊಡುವುದಿಲ್ಲ. ಆದರೆ ನೀವು ಎಷ್ಟನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದಾದರೂ ಗೊತ್ತಿರುತ್ತದೆ.

ಕಾರ್ಯಕ್ರಮದಲ್ಲಿ ಹಸ್ತಪ್ರತಿ ಕೈಗಿಟ್ಟಾಗ ಅಲ್ಲೇ ದರ ಹೇಳಬೇಕಿಲ್ಲ. 'ಆಯ್ತ್ರಿ ಸರ್, ಮೊದಲ ಹತ್ತು ಪುಟ ಓದತೀನಿ. ಎಷ್ಟು ಕೆಲಸ ಐತಿ, ಎಷ್ಟು ದಿನಾ ಬೇಕು, ಸಂಭಾವನೆ ಎಷ್ಟು ಅಂತ ಬರದು ಕಳಸತೀನಿ' ಅನ್ನಿ, ಸಾಕು. ಆ ಹತ್ತು ಪುಟ ತಿದ್ದಿ, ಜೊತೆಗೆ ಒಂದು ಪುಟದ ಪತ್ರ ಕಳಿಸಿ. ಪತ್ರದಲ್ಲಿ ಯಾವ ಕೆಲಸ, ಎಷ್ಟು ಸುತ್ತು, ಯಾವ ತಾರೀಕು, ಎಷ್ಟು ಹಣ, ಅರ್ಧ ಮುಂಗಡ, ಉಳಿದದ್ದು ಅಂತಿಮ ಕಡತ ಕೊಡುವಾಗ ಎಂದಿರಲಿ. ಈಗೀಗ ಯಂತ್ರದಿಂದ ಅನುವಾದ ಮಾಡಿಸಿದ ಕರಡುಗಳೂ ಬರುತ್ತಿವೆ. ಹಾಗಿದ್ದರೆ ಮೊದಲೇ ತಿಳಿಸಬೇಕು ಎಂದೂ ಸೇರಿಸಿ, ಅದನ್ನು ತಿದ್ದುವುದು ಹೊಸದಾಗಿ ಅನುವಾದ ಮಾಡುವಷ್ಟೇ ಕೆಲಸ.

ಅಪಾಯವನ್ನೂ ಹೇಳಬೇಕು. ಕೆಲವರು ಹಸ್ತಪ್ರತಿ ವಾಪಸು ತೆಗೆದುಕೊಂಡು ಹೋಗುತ್ತಾರೆ. ಒಂದಷ್ಟು ದಿನ ನೀವು ಹೆದರಿದ ಮಾತು ಬಂದೇ ಬರುತ್ತದೆ. ಕೆಲಸ ಸ್ವಲ್ಪ ಕಡಿಮೆಯಾಗಬಹುದು. ಅದಕ್ಕೆ ಐದಾರು ತಿಂಗಳ ಖರ್ಚಿನ ಹಣ ಪಕ್ಕಕ್ಕಿಟ್ಟುಕೊಂಡು ಶುರು ಮಾಡಿ. ಪುಕ್ಕಟೆ ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಮೊದಲ ಪುಸ್ತಕ ತರುವ ಬಡ ಹುಡುಗಿಗೋ, ನಿಮಗೆ ಕಲಿಸಿದ ಗುರುಗಳಿಗೋ ವರ್ಷಕ್ಕೊಂದು ಪುಸ್ತಕ ಪ್ರೀತಿಯಿಂದ ಮಾಡಿಕೊಡಿ. ಆದರೆ ಯಾರಿಗೆ ಎಂಬುದನ್ನು ನೀವು ಆರಿಸಬೇಕು.

ಹಣ ಬಾಕಿ ಉಳಿಸುವವರ ವಿಷಯ. ಸಣ್ಣ ಉದ್ಯಮಗಳ ನೋಂದಣಿಗೆ ಇರುವ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ವಿಭಾಗದ ಕಿರು ಉದ್ಯಮ ಎಂದು ನೋಂದಾಯಿಸಿಕೊಳ್ಳಿ. ಅದು ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ, ಲಿಖಿತ ಕರಾರು ಇದ್ದರೂ ನಿಮಗೆ 45 ದಿನದೊಳಗೆ ಹಣ ಬರಬೇಕು. ಕರಾರಿನಲ್ಲಿ ದಿನ ಹೇಳದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಕೆಲಸ ಶುರುವಾಗುವ ಮೊದಲೇ ನೋಂದಣಿ ಆಗಿರಬೇಕು, ಆಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಉಪಯೋಗಕ್ಕೆ ಬರುವುದು ಕಷ್ಟ. ಪರಿಚಯದವರ ಮೇಲೆ ದೂರು ಕೊಡುವ ಹಂತಕ್ಕೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಆದರೆ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಇದ್ದರೆ ಸಂಸ್ಥೆಗಳ ಲೆಕ್ಕ ವಿಭಾಗದವರು ಬೇಗ ಹಣ ಕೊಡಿಸುತ್ತಾರೆ, ಇದು ನಾನು ನೋಡಿದ್ದು. ಸಂಸ್ಥೆಯೊಂದು ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಶೇ 10 ಟಿಡಿಎಸ್, ಅಂದರೆ ಕೊಡುವಾಗಲೇ ಕಳೆಯುವ ಆದಾಯ ತೆರಿಗೆ, ಹಿಡಿಯುತ್ತದೆ. ಅದು ಹೋದ ಹಣ ಎಂದು ಬಿಟ್ಟುಬಿಡಬೇಡಿ, ರಿಟರ್ನ್ಸ್ ಸಲ್ಲಿಸಿ ಬರಬೇಕಾದದ್ದನ್ನು ವಾಪಸು ಪಡೆಯಿರಿ. ವರ್ಷದ ದುಡಿಮೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಚಿಂತೆ ಬೇಡ.

ಹಿರಿಯರ ಆತ್ಮಕಥೆ

ಇದು ನಿಮ್ಮ ಪತ್ರದ ಸೂಕ್ಷ್ಮ ಭಾಗ. ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸೋಣ. ಬೇರೆಯವರ ಬರಹ ತಿದ್ದಿದ ಮಾತ್ರಕ್ಕೆ ನಮಗೆ ಅದರಲ್ಲಿ ಹಕ್ಕು ಬರುವುದಿಲ್ಲ. ಆದರೆ ಅವರ ನೆನಪುಗಳನ್ನು ಕೇಳಿ, ವಾಕ್ಯ ವಾಕ್ಯವೂ ನೀವೇ ಬರೆದರೆ ಲೆಕ್ಕ ಬೇರೆ. ನೀವು ಅವರ ನೌಕರರಲ್ಲ, ಆದ್ದರಿಂದ 1957ರ ಕೃತಿಸ್ವಾಮ್ಯ ಕಾಯ್ದೆಯ ಸಾಮಾನ್ಯ ನಿಯಮದಂತೆ ಬರೆದವರೇ ಆ ಬರಹದ ಮೊದಲ ಒಡೆಯರು. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದೆ ಹೋದರೆ ಐದು ವರ್ಷ ಎಂದು ಕಾಯ್ದೆ ಹಿಡಿಯುತ್ತದೆ. ಈ ಮಾತು ಮೊದಲೇ ಆಗದಿದ್ದರೆ ನಾಳೆ ಎರಡನೆಯ ಮುದ್ರಣದ ಹೊತ್ತಿಗೆ, ಅವರ ಮಕ್ಕಳ ಕಾಲಕ್ಕೆ, ಇಬ್ಬರಿಗೂ ತೊಂದರೆ.

ನಿಮ್ಮ ಮುಂದೆ ಮೂರು ದಾರಿ ಕಾಣುತ್ತವೆ. ಭಾಷೆ ಮಾತ್ರ ತಿದ್ದಿ ಕೊಡುವುದು, ಇದರಲ್ಲಿ ದುರ್ಬಲ ಪುಸ್ತಕದ ಜೊತೆ ನಿಮ್ಮ ಹೆಸರು ಅಂಟಿಕೊಳ್ಳುತ್ತದೆ. ಹೆಸರಿಲ್ಲದೆ ಪೂರ್ತಿ ಬರೆದುಕೊಡುವುದು, ಹಣ ಚೆನ್ನಾಗಿ ಬಂದರೆ ತಪ್ಪೇನಿಲ್ಲ, ಆದರೆ ನಿಮ್ಮಂಥ ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ, ಗುಟ್ಟು ಬಯಲಾದರೆ ನೋಯುವವರು ಆ ಹಿರಿಯರು. ಮೂರನೆಯದು 'ನಿರೂಪಣೆ' ಎಂದು ಒಳಪುಟದಲ್ಲಿ ನಿಮ್ಮ ಹೆಸರು ಹಾಕಿಸಿಕೊಂಡು ಬರೆಯುವುದು. ಕನ್ನಡದಲ್ಲಿ ಇದು ರೂಢಿಯಲ್ಲಿದೆ, ಮರ್ಯಾದೆಯ ದಾರಿ. ನನ್ನ ಆಯ್ಕೆ ಇದೇ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಬದುಕಿರುವವರ ಮೇಲೆ ಆರೋಪಗಳಿದ್ದರೆ ಮಾನನಷ್ಟ ಮೊಕದ್ದಮೆಗೆ ನಿರೂಪಕರನ್ನೂ ಎಳೆಯಬಹುದು. ದಾಖಲೆ ಇಲ್ಲದ ಆರೋಪಗಳನ್ನು ಕೈಬಿಡಲು ಅವರು ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಅವರಿಗೆ ಹೇಗೆ ಹೇಳುವುದು ಎಂದರೆ, ಮನೆಗೆ ಹೋಗಿ, ಎದುರು ಕೂತು ಹೇಳಿ. ವಾಟ್ಸಾಪ್ ಬೇಡ. ಹಸ್ತಪ್ರತಿಯಲ್ಲಿ ನಿಮಗೆ ನಿಜವಾಗಿ ಇಷ್ಟವಾದ ಎರಡು ಪ್ರಸಂಗ ಎತ್ತಿ ತೋರಿಸಿ. 'ಇಡೀ ಪುಸ್ತಕ ಹೀಗೆ ಬರಬೇಕಾದರೆ ನಾವಿಬ್ಬರೂ ಕೂತು ಮಾತಾಡಿ ಹೊಸದಾಗಿ ಕಟ್ಟಬೇಕು, ಇಷ್ಟು ತಿಂಗಳ ಕೆಲಸ, ಇಷ್ಟು ಸಂಭಾವನೆ' ಎಂದು ತಿಳಿಸಿ. ಒಪ್ಪದಿದ್ದರೆ ಹಸ್ತಪ್ರತಿಯನ್ನು ಅದೇ ದಿನ ಮರಳಿಸಿ. ತಿಂಗಳುಗಟ್ಟಲೆ ಇಟ್ಟುಕೊಂಡು ಕೊನೆಗೆ ಇಲ್ಲ ಅನ್ನುವುದಕ್ಕಿಂತ ದೊಡ್ಡ ಅಗೌರವ ಇಲ್ಲ.

ವಿಮರ್ಶೆಯ ಮಾತು ಸರಳ. ನೀವು ತಿದ್ದಿದ ಪುಸ್ತಕಕ್ಕೆ ನೀವು ವಿಮರ್ಶೆ ಬರೆಯಬೇಡಿ. ಬಿಡುಗಡೆಯಲ್ಲಿ ಸಂಪಾದಕಿಯಾಗಿ ನಾಲ್ಕು ಮಾತಾಡಿ, ಅದು ಬೇರೆ.

ಕೆಲಸಕ್ಕೆ ಮರಳುವ ಪ್ರಶ್ನೆ, ನಿಮ್ಮ ಕಥೆಗಳು

ಪೂರ್ತಿ ನೌಕರಿ, ಪೂರ್ತಿ ಸ್ವತಂತ್ರ ಕೆಲಸ, ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಆದಾಯದ ಹೆಚ್ಚಿನ ಪಾಲು ನಿಮ್ಮ ಊರಿನ ಸಾಹಿತ್ಯ ವಲಯದ ಹೊರಗಿಂದ ಬರುವ ಹಾಗೆ ನೋಡಿಕೊಳ್ಳಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕನ್ನಡಕ್ಕೆ ಅನುವಾದಗಳನ್ನು ಮಾಡಿಸುತ್ತದೆ. ಪ್ರಥಮ್ ಬುಕ್ಸ್ ಮಕ್ಕಳ ಪುಸ್ತಕಗಳನ್ನು ಕನ್ನಡದಲ್ಲಿ ತರುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಸಾಹಿತ್ಯ ಅಕಾಡೆಮಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಆರೋಗ್ಯ, ಕೃಷಿ, ಶಿಕ್ಷಣದ ಸಂಸ್ಥೆಗಳಿಗೂ ಒಳ್ಳೆಯ ಕನ್ನಡ ಬರೆಯುವವರು ಬೇಕು. ಇದರಲ್ಲೂ ತೊಂದರೆ ಇದೆ: ವಿಷಯ ಒಣ ಎನ್ನಿಸಬಹುದು, ಸರ್ಕಾರಿ ಹಣ ತಡವಾಗುತ್ತದೆ, ಅವರ ಪಾರಿಭಾಷಿಕ ಪದಗಳ ಜೊತೆ ಗುದ್ದಾಡಬೇಕು. ಆದರೂ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಅಕ್ಕಿ ಬೇಳೆಯ ಹಣ ಹೊರಗಿಂದ ಬಂದರೆ, ಊರಿನಲ್ಲಿ ಯಾವ ಹಸ್ತಪ್ರತಿ ಒಪ್ಪಿಕೊಳ್ಳಬೇಕು, ಯಾವುದು ಬೇಡ ಎಂದು ನೀವು ಆರಾಮಾಗಿ ತೀರ್ಮಾನಿಸಬಹುದು. ಒಂದು ವರ್ಷ ಹೀಗೆ ನಡೆಸಿ, ಕೂಡಿಸಿ ಕಳೆದು ನೋಡಿ. ಆಗಲೂ ಮನೆ ನಡೆಯದಿದ್ದರೆ ಅರೆಕಾಲಿಕ ಪಾಠಕ್ಕೆ ಸೇರಿಕೊಳ್ಳಿ, ಅದರಲ್ಲಿ ಸೋಲು ಏನೂ ಇಲ್ಲ.

ನೌಕರಿ ಬಿಟ್ಟರೆ ಬರೆಯಲು ಸಮಯ ಸಿಗುತ್ತದೆ ಎಂದು ನಂಬಿ ಬಂದವರು ನೀವೊಬ್ಬರೇ ಅಲ್ಲ. ಸಮಯ ಸಿಗುತ್ತದೆ, ಮನಸ್ಸು ಉಳಿಯುವುದಿಲ್ಲ. ದಿನವಿಡೀ ಬೇರೆಯವರ ವಾಕ್ಯದ ತಪ್ಪು ಹುಡುಕಿದ ಕಣ್ಣು ಸಂಜೆ ನಿಮ್ಮ ವಾಕ್ಯವನ್ನು ಹುಟ್ಟುವ ಮೊದಲೇ ಹೊಡೆದುಹಾಕುತ್ತದೆ. ಆದ್ದರಿಂದ ಬೆಳಿಗ್ಗೆಯ ಮೊದಲ ಎರಡು ಗಂಟೆ ನಿಮ್ಮ ಕಥೆಗಳಿಗೆ ಇರಲಿ. ಆ ಹೊತ್ತಿನಲ್ಲಿ ಯಾರ ಕಡತವನ್ನೂ ತೆರೆಯಬೇಡಿ. ಎರಡು ದೊಡ್ಡ ಹಸ್ತಪ್ರತಿಗಳ ನಡುವೆ ಒಂದು ವಾರ ಬಿಡುವು ಇಟ್ಟುಕೊಳ್ಳಿ, ದರ ಕಟ್ಟುವಾಗ ಆ ವಾರವನ್ನೂ ಸೇರಿಸಿ. ಸಂಕಲನ ತಯಾರಾದಾಗ ಊರಿನ ಗೆಳೆಯರಿಗೆ 'ನೋಡಿಕೊಡಿ' ಎಂದು ಕೊಡಬೇಡಿ. ನಿಮ್ಮನ್ನು ಬಲ್ಲವರು ನಿಮ್ಮ ಮುಖ ನೋಡಿ ಓದುತ್ತಾರೆ. ಮಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ, ನಿಮ್ಮನ್ನು ಕಂಡೇ ಇರದ ಒಬ್ಬ ಒಳ್ಳೆಯ ಸಂಪಾದಕರನ್ನು ಹುಡುಕಿ. ಧಾರವಾಡದ ಮಾತು ಅವರಿಗೆ ಎಲ್ಲೆಲ್ಲಿ ತಡೆಯುತ್ತದೆ ಎಂದು ಗುರುತು ಹಾಕಲು ಹೇಳಿ. ಅವರ ದರ ಕೇಳಿ, ಅರ್ಧ ಮುಂಗಡ ಕಳಿಸಿ.